ವಾಪಸ್ ಬರಲು ಅರ್ಧ ಟ್ಯಾಂಕ್

ನಮ್ಮ ದೊಡ್ಡಪ್ಪ ಬಸ್ ಡ್ರೈವರ್ ಆಗಿದ್ದವರು. ಅವರ ಬಸ್ಸು ಡೀಸೆಲ್ ಮುಗಿದು ದಾರಿಯಲ್ಲಿ ಒಂದು ಸಲವೂ ನಿಂತದ್ದಿಲ್ಲ. ಇದನ್ನು ನಾವು ಕೇಳಬೇಕಾಗಿಲ್ಲ, ಅವರೇ ಹೇಳುತ್ತಾರೆ. ಊಟಕ್ಕೆ ಕೂತರೆ ಹೇಳುತ್ತಾರೆ, ಮದುವೆಮನೆಯಲ್ಲಿ ಗುರುತು ಪರಿಚಯ ಇಲ್ಲದವರನ್ನು ಹಿಡಿದು ನಿಲ್ಲಿಸಿಯೂ ಹೇಳುತ್ತಾರೆ. ಹೋಗುವುದೇನು ಮಹಾ, ಗಾಡಿ ವಾಪಸ್ ಡಿಪೋ ಸೇರಬೇಕು ಎಂಬುದು ಅವರ ವೇದಾಂತ.

ನಿವೃತ್ತರಾದ ಮೇಲೆ ಹಳೆಯ ವ್ಯಾನೊಂದನ್ನು ತಂದು ಅದರೊಳಗೆ ಮಂಚ, ಒಲೆ, ಕಪಾಟು ಎಲ್ಲ ಕೂರಿಸಿದರು. ಕಂಡವರನ್ನೆಲ್ಲ ಊರೂರಿಗೆ ಮುಟ್ಟಿಸಿದ ಮನುಷ್ಯ ಹೆಂಡತಿಯನ್ನು ಮಾತ್ರ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಈಗ ಅವರಿಗೆ ಬೇಕಿದ್ದುದು ಅದೊಂದೇ. ದೊಡ್ಡಮ್ಮ ಜಪ್ಪಯ್ಯ ಅಂದರೂ ಹತ್ತಲೊಲ್ಲರು. ಅವರಿಗೆ ಮಂಡಿನೋವು, ಚಳಿ ತಾಗಿದರೆ ಕಾಲು ಮಡಚಲು ಬರುವುದಿಲ್ಲ.

"ಒಳಗೆ ಬೆಚ್ಚಗಿದ್ರೆ ಬರ್ತೀನಿ. ಚಳಿ ಆಯ್ತೋ, ಅಲ್ಲಿಂದ್ಲೇ ಬಸ್ ಹತ್ತಿ ಮನೆಗೆ ಬಂದ್ಬಿಡ್ತೀನಿ. ಆಮೇಲೆ ನೀವುಂಟು, ನಿಮ್ಮ ಗಾಡಿ ಉಂಟು" ಎಂದರು.

ದೊಡ್ಡಪ್ಪ ಮರುದಿನವೇ ಮೆಕ್ಯಾನಿಕ್ಕನ ಹತ್ತಿರ ಹೋಗಿ, ಡೀಸೆಲ್ ಉರಿಸಿ ಒಳಗೆ ಬಿಸಿಗಾಳಿ ಬಿಡುವ ಹೀಟರ್ ಹಾಕಿಸಿದರು. ನಾನೂ ಜೊತೆಗಿದ್ದೆ. ಹೀಟರಿಗೆ ಬೇರೆ ಕ್ಯಾನ್ ಇಟ್ಟರೆ ಒಳಗೆಲ್ಲ ವಾಸನೆ ಎಂದು ಮೆಕ್ಯಾನಿಕ್ ಗಾಡಿಯ ಟ್ಯಾಂಕಿಗೇ ಮೇಲಿನಿಂದ ಸಣ್ಣ ಪೈಪೊಂದನ್ನು ಇಳಿಸಲು ಹೊರಟ.

"ಡೀಸೆಲ್ ಈ ಪೈಪಿನ ತುದಿಗಿಂತ ಕೆಳಗಿಳಿದ್ರೆ ಹೀಟರ್ ಆರಿಹೋಗುತ್ತೆ ಯಜಮಾನ್ರೇ. ಉಳಿದಿದ್ದು ಇಂಜಿನ್ನಿಗೆ. ಎಷ್ಟು ಉದ್ದ ಬಿಡ್ಲಿ?"

"ಅರ್ಧ ಟ್ಯಾಂಕಿನವರೆಗೆ ಬಿಡು."

"ಅರ್ಧಾನಾ? ತಳದಿಂದ ನಾಕು ಬೆರಳು ಮೇಲಿದ್ರೆ ಸಾಕಲ್ಲ!"

"ಹೇಳಿದಷ್ಟು ಮಾಡಪ್ಪ. ವಾಪಸ್ ಬರೋದು ಬೇಡ್ವಾ?"

ಮನೆಗೆ ಬಂದು ಈ ವಿಷಯದ ಬಗ್ಗೆ ಉಸಿರೆತ್ತಲಿಲ್ಲ. ನನಗೂ ಕಣ್ಣಲ್ಲೇ ಸುಮ್ಮನಿರಲು ಹೇಳಿದರು.

ಟ್ಯಾಂಕು ತುಂಬಿಸಿಕೊಂಡು ಬೆಟ್ಟದ ಮೇಲಿನ ಕೆರೆಗೆ ಹೊರಟರು. ದೊಡ್ಡಮ್ಮ ಅಲ್ಲಿಂದ ಫೋನ್ ಮಾಡಿ, "ಸ್ವೆಟರ್ ಬಿಚ್ಚಿಟ್ಟಿದ್ದೀನಿ ಕಣೇ! ಎದುರಿಗೇ ನೀರು. ಮಲಗಿದಲ್ಲಿಂದ್ಲೇ ಕಾಣುತ್ತೆ" ಎಂದರು. ಅವರ ದನಿಯಲ್ಲಿ ಅಷ್ಟು ಖುಷಿಯನ್ನು ನಾನು ಎಂದೂ ಕೇಳಿರಲಿಲ್ಲ.

ಮರುದಿನ ಸಂಜೆ ಹೀಟರ್ ಆರಿತು. ಮುಂದಿನದನ್ನೆಲ್ಲ ದೊಡ್ಡಮ್ಮನೇ ನನಗೆ ಹೇಳಿದ್ದು. ಕೆರೆಯ ಗಾಳಿ ಕೊರೆಯುತ್ತಿತ್ತು. ಅವರು ಕಂಬಳಿ ಹೊದ್ದು ಬಂದು ಮೀಟರ್ ನೋಡಿದರೆ ಮುಳ್ಳು ನಡುಮಧ್ಯದಲ್ಲಿದೆ.

"ರೀ, ಇನ್ನೂ ಅರ್ಧ ಇದೆಯಲ್ಲ? ಮತ್ಯಾಕೆ ಆರ್ತು?"

ದೊಡ್ಡಪ್ಪ ಆ ಸ್ವಿಚ್ಚು ಈ ಸ್ವಿಚ್ಚು ಒತ್ತಿ ನಾಟಕ ಮಾಡಿದರು. ಆದರೆ ಸುಳ್ಳು ಹೇಳಲು ಬರದ ಮನುಷ್ಯ, ಕೊನೆಗೆ ಪೈಪಿನ ಕಥೆ ಒಪ್ಪಿಕೊಂಡರು.

"ದೇವರು ಕೊಟ್ರೂ ಪೂಜಾರಿ ಕೊಡ!" ದೊಡ್ಡಮ್ಮ ಬ್ಯಾಗಿಗೆ ಬಟ್ಟೆ ತುಂಬತೊಡಗಿದರು. "ಆ ಅರ್ಧ ಯಾತಕ್ಕೆ ಇಟ್ಕೊಂಡಿದ್ದೀರಿ?"

"ವಾಪಸ್ ಹೋಗೋಕೆ ಕಣೇ."

ದೊಡ್ಡಮ್ಮನ ಕೈ ನಿಂತಿತು. ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಅಳು ಬಂದಿತ್ತು.

"ಜೀವನದಲ್ಲಿ ಮೊದಲ್ನೇ ಸಲ ಹೊರಗೆ ಕರ್ಕೊಂಡು ಬಂದಿದ್ದೀರಿ. ಹೊರಡೋಕ್ ಮುಂಚೇನೇ ವಾಪಸ್ ಹೋಗೋ ಯೋಚ್ನೆ! ಅಲ್ಲಿ ಯಾರಿದ್ದಾರೆ ರೀ, ನೀವು ಬರೋದನ್ನ ಕಾಯೋಕೆ? ಇಷ್ಟು ವರ್ಷ ಕಾದವಳು ಇಲ್ಲೇ ನಿಮ್ಮ ಪಕ್ಕ ಕೂತಿದ್ದೀನಿ."

ದೊಡ್ಡಪ್ಪ ಎದ್ದು ಸ್ಟೇರಿಂಗ್ ಮುಂದೆ ಕೂತರು. ಗಾಡಿ ಸ್ಟಾರ್ಟ್ ಮಾಡಿ ಬೆಟ್ಟ ಇಳಿದರು. ತನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೊರಟಿದ್ದಾರೆ ಎಂದೇ ದೊಡ್ಡಮ್ಮ ತಿಳಿದರು. ಬ್ಯಾಗು ತೊಡೆಯ ಮೇಲೇ ಇತ್ತು. ಗಾಡಿ ಪೆಟ್ರೋಲ್ ಬಂಕಿನಲ್ಲಿ ನಿಂತಿತು. ದೊಡ್ಡಪ್ಪ ಬಾಯಿಮಟ್ಟ ತುಂಬಿಸಿದರು. ಹೀಟರಿನ ಪೈಪಿಗೆ ಗಾಳಿ ಹೊಕ್ಕಿದ್ದರಿಂದ ಅದು ಕೆಮ್ಮಿ, ಹೊಗೆ ಕಾರಿ, ಹಲವು ಸಲ ಪ್ರಯತ್ನಿಸಿದ ಮೇಲೆ ಹತ್ತಿಕೊಂಡಿತು. ದೊಡ್ಡಮ್ಮನ ಕಾಲಿಗೆ ಬಿಸಿಗಾಳಿ ತಾಗುವವರೆಗೆ ಕಾದು, ದೊಡ್ಡಪ್ಪ ಮತ್ತೆ ಬೆಟ್ಟದ ಕಡೆಗೇ ತಿರುಗಿಸಿದರು.

ಒಂದು ವಾರವಾದರೂ ಬರದಿದ್ದಾಗ ನಾನೇ ಫೋನ್ ಮಾಡಿ, ಯಾವತ್ತು ಬರ್ತೀರಿ ದೊಡ್ಡಪ್ಪ ಎಂದು ಕೇಳಿದೆ.

"ಗೊತ್ತಿಲ್ಲಮ್ಮ" ಎಂದರು. "ನಿಮ್ಮ ದೊಡ್ಡಮ್ಮ ಇನ್ನೂ ಹೇಳಿಲ್ಲ."