ಒಂದೇ ಕಡೆ ತಿದ್ದಿದ ರೋಣ

ಎರಡು ಸಾವಿರದ ಐದೋ ಆರೋ ಇರಬೇಕು. ನಾನು ರೋಣದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ. ನರಗುಂದದಲ್ಲೂ ಅದರ ಶಾಖೆಯಿತ್ತು. ಎರಡೂ ಕಡೆಯ ಫಲಿತಾಂಶದ ಪಟ್ಟಿ ನನ್ನ ಕೆಲಸ. ಪಟ್ಟಿಯಲ್ಲಿ ಪಾಸಾದವರ ನಂಬರ್ ಮಾತ್ರ. ಎರಡೂ ಊರಲ್ಲಿ ನಂಬರ್ ಒಂದರಿಂದಲೇ ಶುರು.

ಲಿನಕ್ಸ್‌ನ ಕಪ್ಪು ಪರದೆಯ ಮೇಲೆ ಒಮ್ಮೆ ಬರೆದದ್ದನ್ನು ಮತ್ತೆ ಬರೆಯಲು ನನಗೆ ಮೈಗಳ್ಳತನ. ಹಿಂದಿನ ಆಜ್ಞೆಯಲ್ಲಿ ಒಂದು ಪದ ಬದಲಿಸಿ ಮತ್ತೆ ಓಡಿಸುವ ಒಳದಾರಿ ಕಲಿತು ಬೀಗುತ್ತಿದ್ದೆ. ರೋಣದ ಪಟ್ಟಿಯನ್ನು ಪ್ರಿಂಟಿಗೆಂದು ರೋಣದ ಹೆಸರಿನಲ್ಲೇ ನಕಲು ಮಾಡಿದೆ. ಆಮೇಲೆ ^ron^nargund ಎಂದು ಒತ್ತಿದೆ, ಅಂದರೆ ರೋಣ ತೆಗೆದು ನರಗುಂದ ಹಾಕಿ ಅದೇ ಆಜ್ಞೆ ಮತ್ತೆ ಓಡಿಸು ಎಂದು. ನರಗುಂದದ್ದೂ ಮುಗಿಯಿತೆಂದು ಚಹಾ ಕುಡಿದು ಬಂದು, ರೋಣದ್ದನ್ನು ಪ್ರಿಂಟ್ ತೆಗೆದು ಬಾಗಿಲಿಗೆ ಅಂಟಿಸಿದೆ.

ಮರುದಿನ ನರಗುಂದದಿಂದ ಫೋನು. "ನಮ್ಮ ಪಟ್ಟಿ ಎಲ್ಲೈತ್ರಿ?"

ಪ್ರಿಂಟಿಗೆಂದು ಮಾಡಿದ ನಕಲುಗಳಲ್ಲಿ ಅದು ಇರಲಿಲ್ಲ. ಹಳೆಯ ಆಜ್ಞೆಗಳನ್ನು ಒಂದೊಂದಾಗಿ ಮೇಲೆ ತಂದು ನೋಡಿದೆ. ತಲೆ ಕೆಟ್ಟು ಕೆರ ಹಿಡಿಯಿತು. ಅರ್ಧ ತಾಸಿನ ಮೇಲೆ ಕಣ್ಣಿಗೆ ಬಿತ್ತು: ಆಜ್ಞೆಯಲ್ಲಿ ರೋಣ ಎರಡು ಸಲ ಇತ್ತು, ಮೂಲ ಪಟ್ಟಿಗೊಮ್ಮೆ, ನಕಲಿನ ಹೆಸರಿಗೊಮ್ಮೆ; ಒಳದಾರಿ ತಿದ್ದಿದ್ದು ಮೊದಲನೆಯದನ್ನು ಮಾತ್ರ. ನರಗುಂದದ ನಂಬರುಗಳು ರೋಣದ ಹೆಸರು ಹೊತ್ತು ನಮ್ಮ ಬಾಗಿಲಲ್ಲಿ ಕೂತಿದ್ದವು. ಯಂತ್ರಕ್ಕೆ ಬೈದೆ. ಮಾಡಿದ್ದುಣ್ಣೋ ಮಾರಾಯ, ಬೈದರೆ ಏನು ಬಂತು? ಹಳೆಯದನ್ನು ಕಿತ್ತು ಸರಿಯಾದದ್ದನ್ನು ಅಂಟಿಸಿದೆ.

ಆಗಲೇ ಹೊಳೆಆಲೂರಿನ ಹುಡುಗಿ, ಹದಿನೇಳನೇ ನಂಬರಿನವಳು, ಅಪ್ಪನ ಜೊತೆ ಬಂದಳು. ಈ ಸಲ ಫೇಲಾದರೆ ಕಲಿಯುವುದು ಸಾಕು, ಹೊಲಕ್ಕೆ ಬಾ ಎಂದು ಅವನು ಹೇಳಿದ್ದು ನನಗೆ ಗೊತ್ತಿತ್ತು. ನಿನ್ನೆ ಅವಳು ನೋಡಿಹೋಗಿದ್ದ ಹಳೆಯ ಪಟ್ಟಿಯಲ್ಲಿ ಹದಿನೇಳು ಇತ್ತು. ಹೊಸದರಲ್ಲಿ ಇರಲಿಲ್ಲ.

ಓದಲು ಬಾರದ ಅಪ್ಪ ಬಾಗಿಲ ಕಡೆ ನೋಡದೆ ಸೀದಾ ಒಳಗೆ ಬಂದು ಸಕ್ಕರೆಯ ಪೊಟ್ಟಣ ಬಿಚ್ಚಿದ.

"ಬಾಯಿ ತೆಗೀರಿ ಸರ. ನಮ್ಮ ಮನ್ಯಾಗ ಪಾಸಾದಾಕಿ ಇಕಿನ ಮೊದಲ. ಓಣಿಗೆಲ್ಲಾ ಹಂಚಿ ಬಂದೀನಿ."

ಹೇಳಲೋ ಬೇಡವೋ ಎನ್ನುವಷ್ಟರಲ್ಲಿ ಸಕ್ಕರೆ ಬಾಯಿಗೆ ಬಿತ್ತು. ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಅವಳ ಬೆರಳು ಹದಿನಾರಕ್ಕೆ ಬಂದು, ಹದಿನೆಂಟಕ್ಕೆ ಹೋಗಿ, ಮತ್ತೆ ಹದಿನಾರಕ್ಕೆ ಬಂತು. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು.

"ಯಪ್ಪಾ, ನಡಿ, ಬಸ್ ತಪ್ಪತೈತಿ" ಎಂದಳು.

ಅವನು ಮೆಟ್ಟಿಲಿಳಿದ ಮೇಲೆ ಒಳಗೆ ಬಂದು ಮೆಲ್ಲಗೆ ಕೇಳಿದಳು: "ಮತ್ತ ಪರೀಕ್ಷಾ ಯಾವಾಗ್ರಿ ಸರ? ಅಪ್ಪಗ ಹೇಳಬ್ಯಾಡ್ರಿ."

ಹೇಳಬೇಕಿತ್ತೋ ಏನೋ, ಇಂದಿಗೂ ತಿಳಿದಿಲ್ಲ. ಬಾಯಲ್ಲಿ ಸಕ್ಕರೆ ಇಟ್ಟುಕೊಂಡೇ ತಲೆಯಾಡಿಸಿದೆ.