ಅವ್ವನ ಹೆಸರಿಲ್ಲದ ಪಟ್ಟಿ

ಆಗಿನ್ನೂ ಭೀಮಾ ನದಿ ತನ್ನ ಹೊತ್ತಿಗೆ ತಾನು ಹಿಂದೆ ಸರಿಯುತ್ತಿತ್ತು. ಚಳಿಗಾಲ ಬಂದರೆ ಇಂಡಿ ತಾಲೂಕಿನ ನಮ್ಮೂರ ದಂಡೆಯಲ್ಲಿ ಮರಳು ಬಯಲಾಗುತ್ತಿತ್ತು. ಅಪ್ಪ, ಅವ್ವ ಅದರಲ್ಲಿ ಗುಣಿ ತೋಡಿ ಕಲ್ಲಂಗಡಿ, ಸವತಿ ಬೀಜ ಊರುತ್ತಿದ್ದರು. ನಾನು ತಂಬಿಗೆಯಲ್ಲಿ ನೀರು ಹೊಯ್ಯುತ್ತಿದ್ದೆ. ಮಧ್ಯಾಹ್ನ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ, ಬಳ್ಳಿಯಿಂದ ಆಗಷ್ಟೇ ಹರಿದ ಎಳೆಯ ಸವತಿಕಾಯಿ. ಹಸಿ ಮರಳಿನ ಆ ವಾಸನೆ ಇನ್ನೂ ಮೂಗಿನಲ್ಲಿದೆ.

ನಾನು ಊರ ಸಾಲಿಯ ಮೂರನೆಯ ಇಯತ್ತೆಯಲ್ಲಿದ್ದಾಗ, ಕಾಯಿ ಬಲಿಯುವ ಹೊತ್ತಿಗೆ ಅಕಾಲ ಮಳೆ ಸುರಿದು ಹೊಳೆ ಏರಿತು. ಬಳ್ಳಿಗಳೆಲ್ಲ ಕೊಚ್ಚಿಹೋದವು. ಮರುವರ್ಷವೂ ಹಾಗೇ ಆಯಿತು. "ದೇವರ ಆಟ," ಅಂದ ಅಪ್ಪ. ಕಟ್ಟಡದ ಕೆಲಸ ಹುಡುಕಿ ಗೋವಾಕ್ಕೆ ಹೋದೆವು. ನನ್ನ ಸಾಲಿ ಅಲ್ಲಿಗೆ ನಿಂತಿತು.

ಮುಂದಿನ ಬೇಸಿಗೆಯಲ್ಲಿ ಚುನಾವಣೆ ಬಂತು. ಊರಿನ ಪುಢಾರಿ ಮಲ್ಲಪ್ಪ ಕಾಕಾ ಕ್ರೂಸರ್ ಗಾಡಿ ತಂದು ಗೋವಾದಲ್ಲಿದ್ದ ನಮ್ಮೂರಿನವರನ್ನೆಲ್ಲ ತುಂಬಿಕೊಂಡು ಊರಿಗೆ ಹೋದ. ಮತದಾನದ ಹಿಂದಿನ ದಿನ ಅವನ ಪಕ್ಷದ ಉಮೇದುವಾರ ಸಾಹೇಬರು ಮನೆಮನೆಗೆ ಬಂದರು. ಎಲ್ಲರೂ ಕೈಮುಗಿಯುತ್ತಿದ್ದರು. ನಮ್ಮವ್ವ ಮಾತ್ರ ಕೇಳಿದಳು.

"ಸಾಹೇಬ್ರ, ಮಳಿ ವ್ಯಾಳ್ಯಾ ಬಿಟ್ಟು ಬೀಳಾಕತ್ತೈತಿ. ಹೊಳಿ ಏರೂದು ಎರಡು ದಿನ ಮೊದ್ಲ ಗೊತ್ತಾದ್ರ ಇದ್ದ ಕಾಯಿನರ ಹರ್ಕೋತೀವಿ."

"ಮಳಿ ನನ್ನ ಕೈಯಾಗ ಐತೇನಬೇ?" ಎಂದು ಅವರು ನಕ್ಕರು. ಸುತ್ತ ನಿಂತವರೂ ನಕ್ಕರು.

"ಮಳಿ ಇಲ್ಲ, ಖರೆ. ಸುದ್ದಿ ಹೇಳೂದು ಐತ್ಯಲ್ರಿ."

ಅವರು ಮುಂದಿನ ಮನೆಗೆ ನಡೆದರು.

ಮತಗಟ್ಟೆ ಇದ್ದದ್ದು ನನ್ನ ಸಾಲಿಯಲ್ಲೇ. ಪಟ್ಟಿಯಲ್ಲಿ ಅಪ್ಪನ ಹೆಸರಿತ್ತು, ಅವ್ವನದು ಇರಲಿಲ್ಲ.

"ಊರು ಬಿಟ್ಟಾರಂತ ತಗದಾರ್ರಿ," ಅಂದ ಪಟ್ಟಿ ಹಿಡಿದಿದ್ದವನು.

"ಹುಟ್ಟಿದ್ದು ಇಲ್ಲೇ, ಲಗ್ನ ಆದದ್ದು ಇಲ್ಲೇ. ಇಬ್ರೂ ಕೂಡೇ ಹೋಗೇವಿ. ಅವರು ಅದಾರ, ನಾ ಹೆಂಗ ಇಲ್ಲ?"

ಅವನು ಹಿಂದೆ ನಿಂತಿದ್ದವರನ್ನು ಮುಂದೆ ಕರೆದ. ಅವ್ವ ಹೊರಬಂದು ಕಟ್ಟೆಯ ಮೇಲೆ ಕುಳಿತಳು. ಸ್ವಲ್ಪ ಹೊತ್ತಿಗೆ ಅಪ್ಪ ಮತ ಹಾಕದೆ ಸರತಿಯಿಂದ ಸರಿದು ಬಂದು ಅವಳ ಪಕ್ಕ ಕುಳಿತ. ಮಲ್ಲಪ್ಪ ಕಾಕಾ ಓಡಿಬಂದ.

"ಇದಕ್ಕೇನೋ ನಿಮ್ಮನ್ನ ಅಷ್ಟು ದೂರದಿಂದ ತಂದದ್ದು? ಏಳು, ಬಟನ್ ಒತ್ತಿ ಬಾ!"

"ಆಕಿ ಊರು ಬಿಟ್ಟಾಳ ಅಂದ್ರ ನಾನೂ ಬಿಟ್ಟೇನಿ," ಅಂದ ಅಪ್ಪ. ಎಂದೂ ಎದುರು ಮಾತಾಡದ ಮನುಷ್ಯ.

ಗಾಡಿ ನಮ್ಮನ್ನು ಊರಲ್ಲೇ ಬಿಟ್ಟು ಹೋಯಿತು. ಮರುದಿನ ಗೋವಾಕ್ಕೆ ಸರಕಾರಿ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವ್ವನದು ಒಂದೇ ಮಾತು: "ನೀವರ ಮತ ಹಾಕಬೇಕಿತ್ತು. ನಮ್ಮದು ಒಂದರ ಉಳೀತಿತ್ತು."

ಎರಡು ಸಲ ಅರ್ಜಿ ಕೊಟ್ಟು ಅವ್ವ ಹೆಸರು ಸೇರಿಸಿದಳು. ಆ ಹೊತ್ತಿಗೆ ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು.

ಈಗಲೂ ವರ್ಷಕ್ಕೊಮ್ಮೆ ಊರಿಗೆ ಹೋಗುತ್ತೇನೆ. ಹೊಳೆ ಯಾವಾಗ ಬರುತ್ತದೆ, ಯಾವಾಗ ಒಣಗುತ್ತದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಬೆಳೆ ಹೋದರೆ ಬೈಯುವುದೂ ಇಲ್ಲ, ಸುಮ್ಮನೆ ಚೀಲ ಕಟ್ಟುತ್ತಾರೆ. ದೊಡ್ಡವರು ಮತ ಕೇಳಲು ಬಂದರೆ ಕೈಮುಗಿದು ಕಳಿಸುತ್ತಾರೆ. ನಾನೂ ಹಾಗೆಯೇ ಕೈಮುಗಿಯುತ್ತೇನೆ.