ಗುರ್ಕಾರ ಫೌಸ್ಟಿನರ ಕೊನೆಯ ರಾಜಿ

ಎಲ್ಲಾದರೂ ಇಬ್ಬರು ಜಗಳಾಡುತ್ತಿದ್ದಾರೆ ಎಂದು ಕಿವಿಗೆ ಬಿದ್ದರೆ ಸಾಕು, ಫೌಸ್ಟಿನರ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಕಾಪುವಿನಿಂದ ಮಣಿಪಾಲಕ್ಕೆ ಓಡುವ ಖಾಸಗಿ ಬಸ್ಸಿನಲ್ಲಿ ಪ್ರಾಯವೆಲ್ಲ ಕಂಡಕ್ಟರಾಗಿ ಕಳೆದ ಮನುಷ್ಯ. ಕಿಟಕಿ ಸೀಟಿಗಾಗಿ ಕಚ್ಚಾಡುವವರು, ಮೀನಿನ ಬುಟ್ಟಿ ಸೀರೆಗೆ ತಾಗಿತೆಂದು ಸಿಡುಕುವವರು, ಚಿಲ್ಲರೆ ಸಿಗಲಿಲ್ಲವೆಂದು ಕೂಗಾಡುವವರು, ಎಲ್ಲರನ್ನೂ 'ಬಿಡಿ ಮಾರಾಯ್ರೆ, ಇಳಿಯುವ ಸ್ಟಾಪು ಬಂತು' ಎಂದು ನಗಿಸಿಯೇ ಇಳಿಸುತ್ತಿದ್ದರು. ಕೆಲಸ ಬಿಟ್ಟ ಮೇಲೆ ಇಗರ್ಜಿಯವರು, ಅಂದರೆ ಚರ್ಚಿನವರು, ಅವರನ್ನು ತಮ್ಮ ವಾಡೆಯ ಗುರ್ಕಾರನನ್ನಾಗಿ ಆರಿಸಿದರು. ಗುರ್ಕಾರನೆಂದರೆ ವಾಡೆಯ, ಆ ಕೇರಿಯ, ಕ್ರೈಸ್ತ ಮನೆಗಳಿಗೆಲ್ಲ ಹಿರಿಯ. ಸಾವಿನ ಸುದ್ದಿ ಮುಟ್ಟಿಸುವುದರಿಂದ ಹಿಡಿದು ಗಂಡ ಹೆಂಡಿರ ಮುನಿಸು ಬಿಡಿಸುವವರೆಗೆ ಎಲ್ಲಕ್ಕೂ ಅವನು ಬೇಕು. ಫೌಸ್ಟಿನರಿಗೆ ಇಷ್ಟವಾದದ್ದು ಕೊನೆಯ ಕೆಲಸ. ಅದರಲ್ಲಿ ಅವರದು ಎತ್ತಿದ ಕೈ ಎಂದು ಊರೇ ಹೇಳುತ್ತಿತ್ತು, ಅವರೂ ಹೇಳಿಕೊಳ್ಳುತ್ತಿದ್ದರು.

ಅವರ ರಾಜಿಗೆ ಒಂದು ಕಾಲವಿತ್ತು. ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ ಬರುತ್ತದಲ್ಲ, ಅಂದು ಇಗರ್ಜಿಯಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯ ಹಿರಿಯ ಆ ಅಕ್ಕಿಯನ್ನು ಪುಡಿಮಾಡಿ ಹಾಲಿಗೆ ಸೇರಿಸಿ ಎಲ್ಲರಿಗೂ ಕೊಡಬೇಕು. ಕುಟುಂಬದ ಒಬ್ಬರನ್ನೂ ಬಿಡುವಂತಿಲ್ಲ. ದುಬಾಯಿಯಲ್ಲಿದ್ದವರಿಗೆ ಲಕೋಟೆಯಲ್ಲಿ ಹಾಕಿ ಕಳಿಸುವವರೂ ಉಂಟು. ಫೌಸ್ಟಿನ್ ಈ ಪದ್ಧತಿಯನ್ನೇ ಹಿಡಿದುಕೊಂಡರು. ಮಾತು ಬಿಟ್ಟ ಎರಡು ಮನೆಗೂ ಒಂದೇ ತೆನೆಯನ್ನು ಮುರಿದು ಕೊಡುವುದು, 'ಒಂದೇ ತೆನೆ ತಿಂದಿದ್ದೀರಿ, ಇನ್ನೆಂತ ಮುನಿಸು?' ಎನ್ನುವುದು. ಸ್ಟ್ಯಾನಿಸ್ಲಾಸ್ ಮತ್ತು ರೇಮಂಡ್ ಎಂಬ ಅಣ್ಣತಮ್ಮಂದಿರು ಮನೆ ನಡುವಿನ ಪಾಗಾರದ ಗೋಡೆಯ ವಿಷಯಕ್ಕೆ ವರ್ಷಗಟ್ಟಲೆ ಮುಖ ನೋಡದವರು, ಹೀಗೆಯೇ ಒಂದು ಹಬ್ಬದ ಸಂಜೆ ಒಟ್ಟಿಗೆ ಕುಳಿತು ಉಂಡರು. ಅಂದಿನಿಂದ ಫೌಸ್ಟಿನರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪಾಗಾರದ ಜಗಳ ಬೇರೆ, ಹೆಂಡತಿಯ ದವಡೆ ಮುರಿಯುವುದು ಬೇರೆ. ಇಷ್ಟು ಸಣ್ಣ ಸಂಗತಿ ಆ ದೊಡ್ಡ ಮನುಷ್ಯನ ತಲೆಗೆ ಹೋಗಲಿಲ್ಲವಲ್ಲ!

ಮ್ಯಾಗ್ಡಲಿನ್ ಬಾಯಿಯದು ಅವರದೇ ವಾಡೆಯ ಮನೆ. ಗಂಡ ತೀರಿಹೋದ ಮೇಲೆ ಬಟ್ಟೆ ಹೊಲಿದು ಒಬ್ಬಳೇ ಮಗಳು ರೀನಾಳನ್ನು ಓದಿಸಿದ ಹೆಂಗಸು. ರೀನಾ ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸಕ್ಕೆ ಸೇರಿದಳು, ಕಾರ್ಕಳ ಕಡೆಯ ಲಾಯ್ಡ್ ಎಂಬವನನ್ನು ಮದುವೆಯಾದಳು. ಲಾಯ್ಡ್‌ಗೆ ನಿಟ್ಟೆಯಲ್ಲಿ ಗ್ಯಾರೇಜ್ ಇತ್ತು, ಹಾಸ್ಟೆಲ್ ಹುಡುಗರ ಬೈಕುಗಳೆಲ್ಲ ಅವನ ಹತ್ತಿರ ಬರುತ್ತಿದ್ದವು. ಮಾತು ಬೆಣ್ಣೆ. ಮನೆಯೊಳಗೆ ಮಾತ್ರ ಅವಳು ಯಾವ ಬಸ್ಸು ಹತ್ತಿದಳು, ಯಾರ ಪಕ್ಕ ಕುಳಿತಳು, ಫೋನು ಯಾಕೆ ಬ್ಯುಸಿ ಬಂತು, ಎಲ್ಲದಕ್ಕೂ ಲೆಕ್ಕ ಕೊಡಬೇಕು. ಕೊಟ್ಟ ಲೆಕ್ಕ ಸರಿಯಾಗದಿದ್ದರೆ ಏಟು.

ಮೊದಲ ಸಲ ಅವಳು ಊದಿದ ಮುಖ ಹೊತ್ತು ತಾಯಿಯ ಮನೆಗೆ ಬಂದಾಗ ರಾಜಿ ಮಾಡಿಸಿ ವಾಪಸು ಕಳಿಸಿದವರು ಫೌಸ್ಟಿನ್. ಲಾಯ್ಡ್ ಶಿಲುಬೆ ಮುಟ್ಟಿ ಆಣೆ ಹಾಕಿದ್ದ. "ಒಂದು ಅವಕಾಶ ಕೊಡು ಮಗಾ, ಅವ ಪಶ್ಚಾತ್ತಾಪ ಪಟ್ಟಿದ್ದಾನೆ" ಎಂದು ಇವರೇ ಅವಳ ಬ್ಯಾಗನ್ನು ಕಾರಿಗೆ ಇಟ್ಟುಕೊಟ್ಟಿದ್ದರು. ಆ ಮಳೆಗಾಲ ಮುಗಿಯುವ ಮೊದಲೇ ಅವನು ಅವಳ ದವಡೆ ಮುರಿದ. ಆಗ ರೀನಾ ಯಾರನ್ನೂ ಕೇಳಲಿಲ್ಲ. ಆಸ್ಪತ್ರೆಯಿಂದ ನೇರ ವಕೀಲರ ಹತ್ತಿರ ಹೋದಳು.

ಉಡುಪಿಯ ಕೋರ್ಟು ರಕ್ಷಣಾ ಆದೇಶ ಕೊಟ್ಟಿತು. ಲಾಯ್ಡ್ ಅವಳ ಮನೆಗೆ ಬರಬಾರದು, ಕೆಲಸದ ಜಾಗಕ್ಕೆ ಹೋಗಬಾರದು, ಫೋನು ಮಾಡಬಾರದು. ಊರವರ ಬಾಯಲ್ಲಿ ಅದು 'ಸ್ಟೇ' ಆಯಿತು. ರೀನಾಳಿಗೆ ಸ್ಟೇ ಸಿಕ್ಕಿದೆಯಂತೆ, ಇನ್ನು ಭಯವಿಲ್ಲ ಎಂದು ಎಲ್ಲರೂ ಉಸಿರುಬಿಟ್ಟರು. ಲಾಯ್ಡ್ ಲ್ಯಾಬಿಗೆ ಹೋಗಲಿಲ್ಲ, ಎದುರಿನ ಚಹಾದಂಗಡಿಯಲ್ಲಿ ಕುಳಿತ. ಫೋನು ಮಾಡಲಿಲ್ಲ, ಮೊಬೈಲಿನಿಂದ ಅವಳ ಖಾತೆಗೆ ಒಂದೊಂದೇ ರೂಪಾಯಿ ಕಳಿಸಿ ಅದರ ಕೆಳಗಿನ ಟಿಪ್ಪಣಿಯಲ್ಲಿ ಬರೆದ: 'ಇವತ್ತು ನೀಲಿ ಚೂಡಿದಾರ ಚಂದ ಉಂಟು.' 'ಎಲ್ಲಿ ಹೋದರೂ ನೀನು ನನ್ನವಳೇ.' ಅವಳು ಅದನ್ನು ಠಾಣೆಯಲ್ಲಿ ತೋರಿಸಿದಳು. ಅಲ್ಲಿದ್ದವರು ಅವನನ್ನು ಕರೆಸಿ ಬೈದರು, ಬರೆಸಿಕೊಂಡರು, ಬಿಟ್ಟರು. "ಚಹಾ ಕುಡಿಯಬೇಡ ಅಂತ ಹೇಳ್ಲಿಕ್ಕೆ ಆಗುವುದಿಲ್ಲ ಅಲ್ವಾಮ್ಮ? ಮೈಗೆ ಕೈ ಹಾಕಿದರೆ ಕೂಡಲೇ ಫೋನ್ ಮಾಡಿ" ಎಂದರು. ಕೈ ಹಾಕಿದ ಮೇಲೆ ಫೋನು ಮಾಡುವುದು ಯಾರು, ಎಂದು ರೀನಾ ಕೇಳಿದಳಂತೆ.

ಕೊನೆಗೆ ಅವಳು ಕಾಪುವಿನ ತಾಯಿಮನೆ ಬಿಟ್ಟು ಸಂತೆಕಟ್ಟೆಯಲ್ಲಿ ಜೊತೆ ಕೆಲಸದ ಗ್ಲ್ಯಾಡಿಸ್‌ಳ ಬಾಡಿಗೆ ಮನೆ ಸೇರಿದಳು. ಸಂಜೆಗಳಲ್ಲಿ ಅವನು ಹಿಂದೆ ಬೀಳದಂತೆ ಲ್ಯಾಬಿನ ಗಾಡಿಯಲ್ಲೇ ಇಬ್ಬರೂ ಹಿಂದಿನ ಗೇಟಿನಿಂದ ಹೋಗುತ್ತಿದ್ದರು. ಆ ಮನೆ ಎಲ್ಲಿದೆ ಎಂದು ಗೊತ್ತಿದ್ದದ್ದು ತಾಯಿಗೆ ಮಾತ್ರ. ಕಾಗದದಲ್ಲಿ ಬರೆದ ಆದೇಶಕ್ಕಿಂತ ಆ ಗುಟ್ಟೇ ಅವಳನ್ನು ಬದುಕಿಸಿಟ್ಟಿತ್ತು.

ಆ ವರ್ಷದ ಮೊಂತಿ ಹಬ್ಬಕ್ಕೆ ರೀನಾ ಊರಿಗೆ ಬರುವ ಹಾಗಿರಲಿಲ್ಲ. ತಾಯಿ ಹೋದರೆ ಅವನು ಬೆನ್ನು ಹಿಡಿಯುತ್ತಾನೆ. ಪೂಜೆ ಮುಗಿದ ಮೇಲೆ, ಬಾವಿಕಟ್ಟೆಯಲ್ಲಿ ಜಾರಿದೆ ಎಂದು ಎಡಗೈಗೆ ಪಟ್ಟಿ ಕಟ್ಟಿಕೊಂಡಿದ್ದ ಮ್ಯಾಗ್ಡಲಿನ್ ಬಾಯಿ ಫೌಸ್ಟಿನರನ್ನು ಕಂಬದ ಮರೆಗೆ ಕರೆದರು.

"ಮಗಳಿಗೆ ತೆನೆ ಮುಟ್ಟಿಸ್ತೀರಾ ಗುರ್ಕಾರ್ರೇ? ಜಾಗ ಹೇಳ್ತೇನೆ. ನಿಮಗಲ್ಲದೆ ಬೇರೆ ಯಾರಿಗೂ ಹೇಳ್ಲಿಲ್ಲ."

ಫೌಸ್ಟಿನ್ ಎದೆಯುಬ್ಬಿಸಿಕೊಂಡು ಬಸ್ಸು ಹತ್ತಿದರು. ರೀನಾ ಚಿಲಕದ ಸಂದಿಯಿಂದ ನೋಡಿ, ಆಮೇಲೆ ಬಾಗಿಲು ತೆರೆದಳು. ಬಿಳಿಚಿಕೊಂಡಿದ್ದಳು, ಆದರೆ ನಕ್ಕಳು. ಅಲ್ಲೇ ಹಾಲು ಬಿಸಿಮಾಡಿ, ಅಕ್ಕಿ ಜಜ್ಜಿ ಹಾಕಿ ಕುಡಿದಳು. ಹೊರಡುವಾಗ, "ಬಾಪ್ಪು, ನಾನಿಲ್ಲಿರುವುದು ಯಾರಿಗೂ ಗೊತ್ತಾಗುವುದು ಬೇಡ" ಎಂದಳು. ಅವಳು ಸಣ್ಣವಳಿದ್ದಾಗಿನಿಂದ ಅವರನ್ನು ಬಾಪ್ಪು, ಅಂದರೆ ಚಿಕ್ಕಪ್ಪ, ಎಂದೇ ಕರೆಯುವುದು. "ನನ್ನ ಬಾಯಿಂದ ಹೊರಗೆ ಬರುವುದುಂಟಾ ಮಗಾ?" ಎಂದರು ಫೌಸ್ಟಿನ್.

ಅಷ್ಟಕ್ಕೇ ನಿಂತಿದ್ದರೆ ಎಂತ ಚಂದವಿತ್ತು! ಆದರೆ ಅವರ ಚೀಲದಲ್ಲಿ ಆ ತೆನೆಯ ಇನ್ನೊಂದು ತುಂಡು ಉಳಿದಿತ್ತು. ಉಳಿದದ್ದಲ್ಲ, ಇವರೇ ಮುರಿದು ಇಟ್ಟುಕೊಂಡದ್ದು. ಮರುದಿನ ಬೆಳಿಗ್ಗೆ ಅಂಗಿ ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ತೆರೆಸಾ ಅಡ್ಡ ನಿಂತರು.

"ಎಲ್ಲಿಗೆ?"

"ನಿಟ್ಟೆಗೆ. ಎಷ್ಟಾದರೂ ಇಗರ್ಜಿಯಲ್ಲಿ ಕಟ್ಟಿದ ಗಂಡ. ಅವನಿಗೊಬ್ಬನಿಗೆ ತೆನೆ ಇಲ್ಲ ಅಂದರೆ ಹೇಗೆ?"

"ಕೋರ್ಟು ಹತ್ತಿರ ಬರಬೇಡ ಅಂದಿದೆ ಅವನಿಗೆ."

"ಅವ ಬರುವುದಲ್ಲ ಮಾರಾಯ್ತಿ, ನಾನು ಹೋಗುವುದು. ನನಗೆ ಎಂತ ಸ್ಟೇ ಉಂಟು?"

"ಆ ಹುಡುಗಿ ಬಾಗಿಲು ಹಾಕಿಕೊಂಡು ಕೂತಿದ್ದಾಳೆ. ನೀವು ಚಿಲಕ ತೆಗೀಲಿಕ್ಕೆ ಹೋಗ್ಬೇಡಿ" ಎಂದರು ತೆರೆಸಾ. ಇವರು ಕೇಳುವ ಜಾತಿಯಲ್ಲ, ಹೋದರು.

ಲಾಯ್ಡ್ ಗ್ಯಾರೇಜಿನಲ್ಲಿ ಒಬ್ಬನೇ ಇದ್ದ, ಗಡ್ಡ ಬಿಟ್ಟು ಸೊರಗಿದ್ದ. ತೆನೆ ನೋಡಿದವನೇ ಎಣ್ಣೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಫೌಸ್ಟಿನರ ಕಾಲು ಹಿಡಿದು ಅತ್ತುಬಿಟ್ಟ. ಗಂಡಸು ಹಾಗೆ ಬಿಕ್ಕಿಬಿಕ್ಕಿ ಅಳುವುದನ್ನು ಫೌಸ್ಟಿನ್ ನೋಡಿರಲಿಲ್ಲ. ಅವನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡರು.

"ಅವಳು ತಿಂದಳಾ ಬಾಪ್ಪು?"

"ತಿಂದಳು ಮಗಾ. ನಾನೇ ನಿನ್ನೆ ಹೋಗಿ ಕೊಟ್ಟು ಬಂದೆ. ಪಾಪ, ದಿನಾ ಸಂತೆಕಟ್ಟೆಯಿಂದ ಮಣಿಪಾಲಕ್ಕೆ ಹೋಗಿಬರುವುದು ಸುಲಭ ಉಂಟಾ? ಆ ಹಾಲಿನ ಡೈರಿ ಮೇಲಿನ ಮನೆ ಬೇರೆ. ಮೆಟ್ಟಿಲು ಹತ್ತಿ ನನ್ನ ಮೊಣಕಾಲೇ ಹೋಯಿತು."

ತಾನು ಪಟ್ಟ ಕಷ್ಟ ಹೇಳಿಕೊಳ್ಳುವ ಚಪಲ, ಅಷ್ಟೇ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಅಲ್ಲಿಗೆ ಹೋಗುವುದಿಲ್ಲವೆಂದು ಲಾಯ್ಡ್‌ನಿಂದ ಆಣೆ ಹಾಕಿಸಿದರು. ಅವನು ಕಣ್ಣೊರೆಸಿಕೊಂಡು, ಕೇಳಿದಷ್ಟೂ ಆಣೆ ಹಾಕಿದ. ಬಸ್ಸಿನಲ್ಲಿ ಮರಳುವಾಗ ಫೌಸ್ಟಿನರಿಗೆ ಒಂದು ಕಡೆ ಪುಕಪುಕ, ಇನ್ನೊಂದು ಕಡೆ ಒಂದು ಮನೆ ಉಳಿಸಿದೆನೆಂಬ ಸಮಾಧಾನ. ಮನೆ ತಲುಪುವಷ್ಟರಲ್ಲಿ ಸಮಾಧಾನವೇ ಗೆದ್ದಿತು. ಮ್ಯಾಗ್ಡಲಿನ್ ಬಾಯಿಗೆ ಒಂದು ಫೋನು ಮಾಡಿ, ಹೀಗೆ ಬಾಯಿ ತಪ್ಪಿತು, ಮಗಳಿಗೆ ಹೇಳಿ ಎನ್ನಬಹುದಿತ್ತು. ಮರ್ಯಾದೆ ಹೋಗುತ್ತದೆಂದು ಮಾಡಲಿಲ್ಲ.

ಆ ಶನಿವಾರ ಬೆಳಿಗ್ಗೆ ಕೆಲಸಕ್ಕೆಂದು ಇಳಿದ ರೀನಾಳನ್ನು ಲಾಯ್ಡ್ ಅದೇ ಮೆಟ್ಟಿಲಿನಲ್ಲಿ ಕೊಂದ. ಗ್ಲ್ಯಾಡಿಸ್‌ಳ ಕೂಗಿಗೆ ಡೈರಿಯಲ್ಲಿದ್ದವರು ಓಡಿಬರುವಾಗ ಅವನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದನಂತೆ, ಇನ್ನು ಎಲ್ಲಿಗೂ ಹೋಗುವುದಿಲ್ಲ ಅಲ್ವಾ ಎಂದು ಕೇಳುತ್ತಿದ್ದನಂತೆ. ಕೋರ್ಟಿನ ಆದೇಶದ ಪ್ರತಿ ಅವಳ ಬ್ಯಾಗಿನಲ್ಲೇ ಇತ್ತು. ಅದನ್ನು ಅವಳು ಯಾವಾಗಲೂ ಒಟ್ಟಿಗೆ ಇಟ್ಟುಕೊಳ್ಳುತ್ತಿದ್ದಳು.

ಫೌಸ್ಟಿನ್ ಗುರ್ಕಾರನ ಕೆಲಸವನ್ನೆಲ್ಲ ಮಾಡಿದರು. ಮನೆಮನೆಗೆ ಸುದ್ದಿ ಮುಟ್ಟಿಸಿದರು, ಪೆಟ್ಟಿಗೆಗೆ ಹೆಗಲು ಕೊಟ್ಟರು, ಏಳನೆಯ ದಿನ ಮ್ಯಾಗ್ಡಲಿನ್ ಬಾಯಿಯ ಚಾವಡಿಯಲ್ಲಿ ಕುಳಿತು ಜಪಮಾಲೆ ಹೇಳಿಸಿದರು. ಆ ತಾಯಿ ಅವರಿಗೆ ಚಹಾ ತಂದುಕೊಟ್ಟರು. ಅವರು ಕುಡಿದರು. ಬಾಯಿ ತೆರೆಯಬೇಕಾದ ಜಾಗ ಅದಾಗಿತ್ತು, ತೆರೆಯಲಿಲ್ಲ. ಪೊಲೀಸರು ಕೇಳಿದಾಗ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮನೆಗೆ ಬಂದು ಹೆಂಡತಿಗೆ ಹೇಳಿದರು. ತೆರೆಸಾ ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅವರಿಗೆ ಅನಿಸುತ್ತದೆ. ಗುರ್ಕಾರಿಕೆ ಬಿಟ್ಟರು. ಯಾಕೆಂದು ಕೇಳಿದವರಿಗೆ ಮೊಣಕಾಲು ನೋವು ಎಂದರು.

ಕೇಸು ವಿಚಾರಣೆಗೆ ಬಂತು. ಸಾಕ್ಷಿ ಕಟಕಟೆಯಲ್ಲಿ ನಿಂತ ಫೌಸ್ಟಿನರನ್ನು ಲಾಯ್ಡ್ ಕಡೆಯ ವಕೀಲರು ಬಹಳ ನಯವಾಗಿ ಕೇಳಿದರು.

"ಹಬ್ಬದ ತೆನೆ ಕೊಂಡುಹೋದದ್ದು ಗಂಡ ಹೆಂಡತಿ ಒಂದಾಗಲಿ ಅಂತ ಅಲ್ವಾ? ಅಂದರೆ ರಾಜಿ ನಡೀತಾ ಇತ್ತು. ಮನೆಯವರೇ ನಿಮ್ಮನ್ನು ಕಳಿಸಿದ್ದು."

"ಅಲ್ಲ ಸ್ವಾಮಿ" ಎಂದರು ಫೌಸ್ಟಿನ್. "ಅವನ ಹತ್ತಿರ ಹೋಗಲು ಯಾರೂ ಹೇಳ್ಲಿಲ್ಲ. ಹುಡುಗಿ ರಾಜಿ ಕೇಳಲೇ ಇಲ್ಲ. ಮೊದಲ ಸಲವೂ ಕೇಳಲಿಲ್ಲ. ಎರಡು ಸಲವೂ ಬೇಕಾದದ್ದು ನನಗೆ. ಮನೆ ಎಲ್ಲಿ ಅಂತ ಅವನಿಗೆ ಗೊತ್ತಿರಲಿಲ್ಲ. ನಾನೇ ಹೇಳಿದ್ದು."

ಹಿಂದಿನ ಬೆಂಚಿನಲ್ಲಿ ಮ್ಯಾಗ್ಡಲಿನ್ ಬಾಯಿ ಕುಳಿತಿದ್ದರು. ಅವರಿಗೆ ಇದು ಗೊತ್ತಾದದ್ದು ಆಗಲೇ.

ಹೊರಗಿನ ಜಗಲಿಯಲ್ಲಿ ಫೌಸ್ಟಿನ್ ಕಾದು ನಿಂತರು. ಆಕೆ ಬೈಯಲಿ, ಉಗಿಯಲಿ, ಕೆನ್ನೆಗೆ ಹೊಡೆಯಲಿ ಎಂದು ನಿಂತರು. ಮ್ಯಾಗ್ಡಲಿನ್ ಬಾಯಿ ಬಂದರು. ಸೆರಗು ಸರಿಸಿ ಎಡಗೈಯನ್ನು ಮುಂದೆ ಚಾಚಿದರು. ಅದು ಮೊಣಕೈಯಲ್ಲಿ ನೆಟ್ಟಗಾಗಲಿಲ್ಲ.

"ಹಬ್ಬಕ್ಕೆ ಮೊದಲು ಅವ ಮನೆಗೆ ಬಂದಿದ್ದ, ಗುರ್ಕಾರ್ರೇ. ಅವಳೆಲ್ಲಿ ಹೇಳು ಅಂತ ಇದನ್ನು ಹಿಂದಕ್ಕೆ ತಿರುಚಿದ. ಮುರಿದ ಶಬ್ದ ನನಗೇ ಕೇಳಿತು. ನಾನು ಹೇಳ್ಲಿಲ್ಲ. ಮಗಳಿಗೆ ಗೊತ್ತಾದರೆ ಓಡಿ ಬರ್ತಾಳೆ, ಅವನಿಗೆ ಬೇಕಾದ್ದೂ ಅದೇ ಅಂತ, ಬಾವಿಕಟ್ಟೆಯಲ್ಲಿ ಜಾರಿದೆ ಅಂತ ಊರಿಗೆಲ್ಲ ಸುಳ್ಳು ಹೇಳಿದೆ. ನಿಮಗೂ."

ಫೌಸ್ಟಿನ್ ತಲೆ ತಗ್ಗಿಸಿದರು.

"ನಿಮಗೆ ಎಂತ ಮಾಡಿದ ಅವ? ಹೊಡೆದನಾ?"

"ಇಲ್ಲ ಬಾಯಿ."

"ಮತ್ತೆ?"

"ಅತ್ತ" ಎಂದರು ಫೌಸ್ಟಿನ್.